ಮಂಡಕ್ಕಿ ಪ್ಯಾಕೆಟ್ ಮೇಲೆ ತೆರಿಗೆ ಹಾಕೋಕೆ ಒಪ್ಪಿದ್ದು ಯಾರು, ಎಷ್ಟು ಜನ?

ಮಂಡಕ್ಕಿ ಅಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಜಿಎಸ್‌ಟಿ ಬಲ್ಲವರೂ ಇಲ್ಲಿದ್ದೀರಿ, ಅಮೆರಿಕದಲ್ಲಿ ಇರುವವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಮಂಡಕ್ಕಿ ವ್ಯಾಪಾರದವರು. ಭಟ್ಟಿ ನಮ್ಮದಲ್ಲ. ಭಟ್ಟಿಯಿಂದ ಚೀಲದಲ್ಲಿ ತರಿಸಿ, ಜರಡಿ ಹಿಡಿದು ನುಚ್ಚು, ಮರಳು ತೆಗೆದು, ಕವರ್‌ಗೆ ತುಂಬಿ ಸೀಲ್ ಹಾಕಿ ಅಂಗಡಿಗಳಿಗೆ ಕೊಡುತ್ತೇವೆ. ಕವರ್ ಮೇಲೆ ನಮ್ಮ ಹೆಸರು, ತೂಕ, ಪ್ಯಾಕ್ ಮಾಡಿದ ತಿಂಗಳು, ಬೆಲೆ ಎಲ್ಲಾ ಇರುತ್ತದೆ. ಯಜಮಾನರು ಲೈನ್ ನೋಡಿಕೊಳ್ಳುತ್ತಾರೆ. ಪ್ಯಾಕಿಂಗ್ ಮತ್ತು ಲೆಕ್ಕ ನನ್ನದು. ವಹಿವಾಟು ವರ್ಷಕ್ಕೆ 40 ಲಕ್ಷ ದಾಟುವುದರಿಂದ ಜಿಎಸ್‌ಟಿ ನಂಬರ್ ತೆಗೆದುಕೊಂಡಿದ್ದೇವೆ.

2022ರ ಜುಲೈ 18ರವರೆಗೆ ನಮ್ಮ ಪ್ಯಾಕೆಟ್‌ಗೆ ತೆರಿಗೆ ಇರಲಿಲ್ಲ. ಅಕ್ಕಿ, ಬೇಳೆಯಲ್ಲಿ ನೋಂದಾಯಿತ ಬ್ರ್ಯಾಂಡ್ ಇದ್ದವರಿಗೆ ಮಾತ್ರ 5 ಪರ್ಸೆಂಟ್ ಇತ್ತು. ಆ ದಿನದಿಂದ ಬ್ರ್ಯಾಂಡ್ ಇರಲಿ ಬಿಡಲಿ, ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ 5 ಪರ್ಸೆಂಟ್. ಅಕ್ಕಿ, ಬೇಳೆ, ಮೊಸರು, ಮಜ್ಜಿಗೆ ಜೊತೆ ಮಂಡಕ್ಕಿಯೂ ಸೇರಿತು. ಅದೇ ಭಟ್ಟಿಯ ಅದೇ ಮಂಡಕ್ಕಿಯನ್ನು ಚೀಲದಿಂದ ಸೇರಲ್ಲಿ ಅಳೆದು ಕೊಟ್ಟರೆ ತೆರಿಗೆ ಇಲ್ಲ.

ಅದರಲ್ಲೂ ಒಂದು ವಿಷಯ ನನಗೆ ಇವತ್ತಿಗೂ ನುಂಗೋಕೆ ಆಗಿಲ್ಲ. ಅಕ್ಕಿ, ಬೇಳೆಯ ಒಂದೇ ಪ್ಯಾಕ್ 25 ಕೆ.ಜಿ.ಗಿಂತ ಜಾಸ್ತಿ ಇದ್ದರೆ ತೆರಿಗೆ ಇಲ್ಲ ಅಂದರು. ಅಕ್ಕಿ ಗಿರಣಿಯವರು ಸುಲಭವಾಗಿ 26 ಕೆ.ಜಿ. ಚೀಲ ಮಾಡಿಕೊಂಡರು. ಮಂಡಕ್ಕಿಯವರು ಏನು ಮಾಡಬೇಕು? ಆಳೆತ್ತರದ ಚೀಲಕ್ಕೆ ಒತ್ತಿ ತುಂಬಿ ಬಾಯಿ ಹೊಲಿದರೂ 25 ಕೆ.ಜಿ. ತೂಗಲ್ಲ. ಒತ್ತಿದರೆ ಪುಡಿ ಆಗುತ್ತದೆ, ಅದನ್ನು ಯಾರು ತಗೋತಾರೆ? ನಿಯಮ ಬರೆದವರಲ್ಲಿ ಯಾರೂ ಒಂದು ಚೀಲ ಮಂಡಕ್ಕಿ ಎತ್ತಿ ನೋಡಿಲ್ಲ ಅಂತ ಆಗಲೇ ಅನ್ನಿಸಿತು.

ಈಗ ನನ್ನ ತಮ್ಮನ ವಿಷಯ. ಅವನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಇದ್ದಾನೆ, ಅಲ್ಲಿಯ ಪ್ರಜೆ. 2025ರ ನವೆಂಬರ್‌ನಲ್ಲಿ ಅವನಿಗೆ ಅಂಚೆಯಲ್ಲಿ ಮತಪತ್ರ ಬಂತು. ಅದರಲ್ಲಿ ‘ಮೆಷರ್ ಎ’ ಅಂತ ಒಂದು ಪ್ರಶ್ನೆ. ಸಾಂತಾ ಕ್ಲಾರಾ ಕೌಂಟಿಯಲ್ಲಿ (ಜಿಲ್ಲೆ ಅನ್ನಿ) ಮಾರಾಟ ತೆರಿಗೆಯನ್ನು ಐದು ವರ್ಷದ ಮಟ್ಟಿಗೆ 0.625 ಪರ್ಸೆಂಟ್ ಜಾಸ್ತಿ ಮಾಡಬಹುದಾ, ಹೌದೋ ಅಲ್ಲವೋ? ನೂರು ಡಾಲರ್ ಸಾಮಾನಿಗೆ 62 ಸೆಂಟ್ ಚಿಲ್ಲರೆ. ಅಷ್ಟಕ್ಕೆ ಮನೆ ಮನೆಗೂ ಪುಸ್ತಕ ಕಳಿಸಿದ್ದಾರೆ. ಪರ ಇರುವವರ ವಾದ, ವಿರೋಧ ಇರುವವರ ವಾದ, ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನೋದು ಎಲ್ಲಾ ಅದರಲ್ಲಿದೆ. ಕೇಂದ್ರದಿಂದ ಬರುವ ದುಡ್ಡು ಕಡಿಮೆ ಆಗುತ್ತಿದೆ, ಕೌಂಟಿ ಆಸ್ಪತ್ರೆಗಳು ನಡೆಯಬೇಕು ಅಂತ ಕೇಳಿದರಂತೆ. ಜನ ಒಪ್ಪಿದರು, ಪಾಸಾಯಿತು.

ಅವನು ಇನ್ನೊಂದು ಹೇಳಿದ. ಜನರ ಮುಂದೆ ಇಡುವ ಮೊದಲೇ ಕೌಂಟಿ ಆಡಳಿತ ಮಂಡಳಿಯ ಐದು ಸದಸ್ಯರಲ್ಲಿ ಮೂರನೇ ಎರಡರಷ್ಟು, ಅಂದರೆ ಕನಿಷ್ಠ ನಾಲ್ವರು ಒಪ್ಪಿರಬೇಕು. ದುಡ್ಡು ಸಾಮಾನ್ಯ ಖಜಾನೆಗೆ ಹೋಗುವುದಾದರೆ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸಾಕು. ಇಂಥದ್ದೇ ಕೆಲಸಕ್ಕೆ ಅಂತ ಕೌಂಟಿಯವರು ಕಟ್ಟಿಹಾಕಿದರೆ ಜನರಲ್ಲೂ ಮೂರನೇ ಎರಡರಷ್ಟು ಬೇಕು. ಈ ನಿಯಮಗಳನ್ನೂ ಜನರೇ ಮತ ಹಾಕಿ ತಂದದ್ದಂತೆ, 1978ರಲ್ಲಿ ಒಂದು, 1996ರಲ್ಲಿ ಒಂದು. ಮತ್ತೆ ಅಲ್ಲಿ ಮನೆಗೆ ಒಯ್ಯುವ ದಿನಸಿಗೆ ಮಾರಾಟ ತೆರಿಗೆಯೇ ಇಲ್ಲ. ಸನ್ನಿವೇಲ್‌ನ ಇಂಡಿಯನ್ ಅಂಗಡಿಯಲ್ಲಿ ಮಂಡಕ್ಕಿ ಪ್ಯಾಕೆಟ್ ತಗೊಂಡರೆ ಸೊನ್ನೆ.

ನಾನು ತೆರಿಗೆ ಬೇಡ ಅನ್ನುವವಳಲ್ಲ. ರಸ್ತೆ ಬೇಕು, ಆಸ್ಪತ್ರೆ ಬೇಕು, ಮಕ್ಕಳಿಗೆ ಶಾಲೆ ಬೇಕು. ಕಟ್ಟುತ್ತೇವೆ, ಕಟ್ಟುತ್ತಲೂ ಇದ್ದೇವೆ. ಆದರೆ ಆ 5 ಪರ್ಸೆಂಟ್ ಬಂದಾಗ ಯಾರು ಕೈ ಎತ್ತಿದರು? ಎಷ್ಟು ಕೈ ಬೇಕಿತ್ತು? ನಮ್ಮ ವಿಧಾನಸಭೆಯಲ್ಲಿ ಇದಕ್ಕೆ ಮತ ಬಿತ್ತಾ? ನಮ್ಮಲ್ಲೂ ‘ತೆರಿಗೆ ಏರಿಸಬೇಕಾದರೆ ಮೂರನೇ ಎರಡರಷ್ಟು ಶಾಸಕರು ಒಪ್ಪಬೇಕು’ ಅಂತ ನಿಯಮ ಮಾಡೋಕೆ ಬರುತ್ತದಾ? ಬಂದರೆ ಒಳ್ಳೆಯದಾಗುತ್ತದಾ? ತಿಳಿದವರು ಬಿಡಿಸಿ ಹೇಳಿ. ಪಾರ್ಟಿ ಜಗಳ ಬೇಡ.

ಲೆಕ್ಕದ ಮೇಷ್ಟ್ರು, ಚಿತ್ರದುರ್ಗ

ಅಕ್ಕಾರೆ, ನಾನು ಇಲ್ಲಿ ತೆರಿಗೆ ಸಲಹೆಗಾರ. ಸೇಲ್ಸ್ ಟ್ಯಾಕ್ಸ್ ಕಾಲದಿಂದ ವ್ಯಾಟ್, ವ್ಯಾಟ್‌ನಿಂದ ಜಿಎಸ್‌ಟಿ, ಮೂರನ್ನೂ ನೋಡಿದವನು. ನಿಮ್ಮ ಪ್ರಶ್ನೆ ಸರಿಯಾಗಿದೆ. ದರ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಎಷ್ಟು ಜನ ಒಪ್ಪಿದರು ಅಂತ ಕೇಳುವವರು ಕಡಿಮೆ.

ಮೊದಲು ನೇರ ಉತ್ತರ. ವಿಧಾನಸಭೆಯಲ್ಲಿ ನಿಮ್ಮ ಮಂಡಕ್ಕಿಗೆ ಮತ ಬೀಳಲಿಲ್ಲ. 2017ರಲ್ಲಿ ಕರ್ನಾಟಕ ಜಿಎಸ್‌ಟಿ ಕಾಯ್ದೆ ಪಾಸು ಮಾಡುವಾಗ ಶಾಸಕರು ಒಪ್ಪಿದ್ದು ಇಷ್ಟು: ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿದಂತೆ ಸರ್ಕಾರ ದರ ನಿಗದಿ ಮಾಡಲಿ, ರಾಜ್ಯದ ಪಾಲು 20 ಪರ್ಸೆಂಟ್ ಮೀರಬಾರದು. ಆ ಮೇಲೆ ದರ ಬದಲಾದಾಗಲೆಲ್ಲ ಬರುವುದು ಅಧಿಸೂಚನೆ. ಸದನದಲ್ಲಿ ಕೈ ಎತ್ತುವ ಪ್ರಸಂಗವೇ ಇಲ್ಲ.

ಹಾಗಾದರೆ ಮತ ಎಲ್ಲಿ? ಜಿಎಸ್‌ಟಿ ಮಂಡಳಿಯಲ್ಲಿ. 2016ರ 101ನೇ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ 279ಎ ವಿಧಿ ಸೇರಿತು. ಕೇಂದ್ರ ಹಣಕಾಸು ಮಂತ್ರಿ ಅಧ್ಯಕ್ಷರು, ಕೇಂದ್ರದ ಒಬ್ಬ ರಾಜ್ಯ ಸಚಿವರು, ಪ್ರತಿ ರಾಜ್ಯದಿಂದ ಒಬ್ಬ ಮಂತ್ರಿ. ಅರ್ಧದಷ್ಟು ಸದಸ್ಯರು ಬಂದರೆ ಕೋರಂ, ಅಂದರೆ ಸಭೆ ನಡೆಸಬಹುದು. ತೀರ್ಮಾನಕ್ಕೆ ಹಾಜರಿದ್ದು ಮತ ಹಾಕಿದವರ ತೂಕದ ಮತದಲ್ಲಿ ಮುಕ್ಕಾಲು ಭಾಗ ಬೇಕು. ಈ ತೂಕದಲ್ಲೇ ಗುಟ್ಟು ಇರೋದು.

ಒಟ್ಟು ನೂರು ಅಂಕ ಅಂತ ಇಟ್ಟುಕೊಳ್ಳಿ. ಕೇಂದ್ರದ ಕೈಯಲ್ಲಿ 33.33. ರಾಜ್ಯಗಳು ಎಲ್ಲಾ ಸೇರಿ 66.67. ಗೆಲ್ಲೋಕೆ 75 ಬೇಕು. ಕೇಂದ್ರ ಬೇಡ ಅಂದರೆ ಎಲ್ಲಾ ರಾಜ್ಯಗಳೂ ಒಂದಾಗಿ ಬಂದರೂ 66.67ಕ್ಕೆ ನಿಂತುಬಿಡುತ್ತವೆ. ಕೇಂದ್ರ ಬೇಕು ಅಂದರೆ ಇನ್ನೂ 41.67 ಅಂಕ ರಾಜ್ಯಗಳಿಂದ ಬರಬೇಕು. 28 ರಾಜ್ಯ, ಜೊತೆಗೆ ದೆಹಲಿ, ಪುದುಚೇರಿ, ಜಮ್ಮು-ಕಾಶ್ಮೀರ ಸೇರಿ 31. ಎಲ್ಲರೂ ಮತ ಹಾಕಿದರೆ ಒಬ್ಬೊಬ್ಬರಿಗೆ 2.15 ಅಂಕ. ಅಂದರೆ 20 ರಾಜ್ಯ ಒಪ್ಪಿದರೆ ಪಾಸು, 12 ರಾಜ್ಯ ಒಟ್ಟಿಗೆ ಬೇಡ ಅಂದರೆ ನಿಲ್ಲುತ್ತದೆ. ಇಲ್ಲಿ ಇನ್ನೊಂದು ಗಮನಿಸಿ. ಜಿಎಸ್‌ಟಿ ವಸೂಲಿಯಲ್ಲಿ ಮಹಾರಾಷ್ಟ್ರದ ನಂತರ ನಾವು. ಆದರೆ ಮಂಡಳಿಯಲ್ಲಿ ಕರ್ನಾಟಕದ ಮತಕ್ಕೂ ಸಿಕ್ಕಿಂನ ಮತಕ್ಕೂ ತೂಕ ಒಂದೇ. ಸಣ್ಣ ರಾಜ್ಯಕ್ಕೂ ಮಾತು ಇರಬೇಕು ಅನ್ನೋದು ನ್ಯಾಯವೇ. ನಮ್ಮ ಹೊರೆ ಜಾಸ್ತಿ ಅಂತ ನಮ್ಮ ಮಾತಿಗೆ ಜಾಸ್ತಿ ಬೆಲೆ ಇಲ್ಲ ಅನ್ನೋದೂ ಅಷ್ಟೇ ನಿಜ.

ಈಗ ‘ಯಾರು ಕೈ ಎತ್ತಿದರು’ ಅನ್ನೋದಕ್ಕೆ. 2022ರ ಜೂನ್ 28, 29ರಂದು ಚಂಡೀಗಡದಲ್ಲಿ 47ನೇ ಸಭೆ ನಡೆಯಿತು. ನಿಮ್ಮ ಪ್ಯಾಕೆಟ್ ತೆರಿಗೆ ಅಲ್ಲಿಯದು. ಮತ ಎಣಿಸಲಿಲ್ಲ, ಸರ್ವಸಮ್ಮತಿ ಅಂತ ದಾಖಲಾಯಿತು. ದರ ಪರಿಷ್ಕರಣೆಗೆ ಇದ್ದ ಮಂತ್ರಿಗಳ ಗುಂಪಿನ ಮುಖ್ಯಸ್ಥರು ಆಗ ನಮ್ಮ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅವರು. ಅಧ್ಯಕ್ಷತೆ ವಹಿಸಿದ್ದ ನಿರ್ಮಲಾ ಸೀತಾರಾಮನ್ ಅವರೂ ಕರ್ನಾಟಕದಿಂದಲೇ ರಾಜ್ಯಸಭೆಗೆ ಹೋದವರು. ಬೊಮ್ಮಾಯಿ ಅವರ ಗುಂಪಿನಲ್ಲಿ ಕೇರಳ, ಪಶ್ಚಿಮ ಬಂಗಾಳ, ರಾಜಸ್ಥಾನದ ಮಂತ್ರಿಗಳೂ ಇದ್ದರು, ಬೇರೆ ಬೇರೆ ಪಕ್ಷದವರು. ಹಾಗಾಗಿ ಒಂದು ಪಾರ್ಟಿಯ ತಲೆಗೆ ಕಟ್ಟೋಕೆ ಬರಲ್ಲ.

ಮತಕ್ಕೆ ಹಾಕಿದ್ದು ಎಂದರೆ ಮೊದಲ ಸಲ 2019ರ ಡಿಸೆಂಬರ್ 18ರಂದು, 38ನೇ ಸಭೆಯಲ್ಲಿ. ಲಾಟರಿಗೆ ಎಲ್ಲಾ ಕಡೆ 28 ಪರ್ಸೆಂಟ್ ಮಾಡಬೇಕು ಅನ್ನೋ ವಿಷಯ. 21 ರಾಜ್ಯ ಪರ, 7 ವಿರೋಧ. ಲಾಟರಿಗೆ ಮತ ಬಿತ್ತು, ಮಂಡಕ್ಕಿಗೆ ಬೀಳಲಿಲ್ಲ.

ಕೊನೆಗೆ ನಿಮ್ಮ ಜೇಬಿನ ಮಾತು. ತೆರಿಗೆ ಬಂದಾಗಿನಿಂದ ಕವರ್, ಸೀಲಿಂಗ್ ಮೆಷಿನ್ ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ನೀವು ವಾಪಸ್ ಹೊಂದಿಸಿಕೊಳ್ಳಬಹುದು. ಮೊದಲು ಅದು ನಿಮ್ಮ ಮೇಲೇ ಬೀಳುತ್ತಿತ್ತು. ಕವರ್ ಬಿಲ್ ಸರಿಯಾಗಿ ಇಟ್ಟಿದ್ದೀರಾ ನೋಡಿ. ಬಹಳ ಜನ ಸಣ್ಣ ಪ್ಯಾಕಿಂಗ್‌ನವರು ಕವರ್ ನಗದಿಗೆ ತಂದು ಬಿಲ್ ಬಿಟ್ಟುಬಿಡುತ್ತಾರೆ.

ಆರು ಚಕ್ರ, ಚಳ್ಳಕೆರೆ

ಮೇಷ್ಟ್ರೇ, ಜಿಎಸ್‌ಟಿಗೆ ಮುಕ್ಕಾಲು ಭಾಗವಾದರೂ ಬೇಕು. ಡೀಸೆಲ್ ಕಥೆ ಕೇಳಿ.

ಡೀಸೆಲ್, ಪೆಟ್ರೋಲ್ ಜಿಎಸ್‌ಟಿ ಒಳಗೆ ಇನ್ನೂ ಬಂದಿಲ್ಲ. ಯಾವಾಗ ತರಬೇಕು ಅಂತ ಮಂಡಳಿಯೇ ಹೇಳಬೇಕು, ಹೇಳಿಲ್ಲ. ಅದಕ್ಕೆ ರಾಜ್ಯದ ಮಾರಾಟ ತೆರಿಗೆ. 2024ರ ಜೂನ್ 15ರಂದು ಡೀಸೆಲ್ ಮೇಲೆ 14.34 ಪರ್ಸೆಂಟ್ ಇದ್ದದ್ದು 18.44 ಆಯಿತು. ಪೆಟ್ರೋಲ್ 25.92 ಇದ್ದದ್ದು 29.84. 2025ರ ಏಪ್ರಿಲ್ 1ರಂದು ಡೀಸೆಲ್ ಮತ್ತೆ 21.17. ವರ್ಷ ತುಂಬುವುದರೊಳಗೆ ಎರಡು ಸಲ. ಇದಕ್ಕೆ ಎಷ್ಟು ಶಾಸಕರು ಮತ ಹಾಕಿದರು? ಒಬ್ಬರೂ ಇಲ್ಲ. ಅಧಿಸೂಚನೆ, ಅಷ್ಟೇ. ಹಿಂದಿನ ಸರ್ಕಾರಗಳೂ ಏರಿಸಿದ್ದು ಇಳಿಸಿದ್ದು ಹೀಗೇನೆ.

ಶೇಂಗಾ ಎಣ್ಣೆ ಲೋಡ್ ತಗೊಂಡು ಹುಬ್ಬಳ್ಳಿ ಕಡೆ ಹೋಗೋದು ಅಂತ ಬಾಡಿಗೆ ಮಾತಾಡಿರುತ್ತೇವೆ. ಬಾಡಿಗೆ ಮಾತಾಡಿದ ಮೇಲೆ ರಾತ್ರಿ ದರ ಏರಿದರೆ ಲೋಡ್ ಕಳಿಸುವವರು ಕೊಡೋದು ಮಾತಾಡಿದಷ್ಟೇ. ವ್ಯತ್ಯಾಸ ನಮ್ಮ ಕೈಯಿಂದ. ಅದರ ಮೇಲೆ ನಾವು ಡೀಸೆಲ್‌ಗೆ ಕಟ್ಟಿದ ತೆರಿಗೆ ಅಕ್ಕನ ಕವರ್ ತೆರಿಗೆ ಥರ ವಾಪಸ್ ಹೊಂದಿಸೋಕೂ ಬರಲ್ಲ. 2025ರ ಏಪ್ರಿಲ್‌ನಲ್ಲಿ ಲಾರಿಯವರು ಮುಷ್ಕರ ಮಾಡಿದ್ದು ಸುಮ್ನೆ ಅಲ್ಲ.

ನನ್ನ ಅಭಿಪ್ರಾಯ ಸ್ಪಷ್ಟ. ಮೂರನೇ ಎರಡರಷ್ಟು ನಿಯಮ ತನ್ನಿ. 224ರಲ್ಲಿ 150 ಶಾಸಕರು ಎದ್ದು ನಿಂತು ‘ಹೌದು, ಏರಿಸಿ’ ಅನ್ನಲಿ. ಆಮೇಲೆ ಅವರು ವೋಟು ಕೇಳೋಕೆ ಬಂದಾಗ ನಾವೂ ಮಾತಾಡುತ್ತೇವೆ.

ಹಿರಿಯೂರು ಹುಡುಗ, ಈಗ ಬೆಂಗಳೂರು

ಅಕ್ಕಾ, ಅಣ್ಣಾ, ನಾನು ಕೆಲಸದ ಮೇಲೆ ಕೆಲವು ವರ್ಷ ಒಕ್ಲಹೋಮಾದಲ್ಲಿ ಇದ್ದೆ. ಮಗಳು ಅಲ್ಲಿಯ ಸರ್ಕಾರಿ ಶಾಲೆಗೆ ಹೋಗುತ್ತಿದ್ದಳು. ಮೂರನೇ ಎರಡಲ್ಲ, ಮುಕ್ಕಾಲು ಭಾಗ ಬೇಕು ಅನ್ನೋ ನಿಯಮ ಇರೋ ರಾಜ್ಯ ಅದು. ನಮ್ಮ ಜಿಎಸ್‌ಟಿ ಮಂಡಳಿಯಷ್ಟೇ ಮುಕ್ಕಾಲು. ಅದರಿಂದ ಏನಾಯಿತು ಅಂತ ಕಣ್ಣಾರೆ ಕಂಡದ್ದು ಹೇಳುತ್ತೇನೆ. ಆಮೇಲೆ ನಿಯಮ ಬೇಕೋ ಬೇಡವೋ ನೀವೇ ಯೋಚಿಸಿ.

1992ರಲ್ಲಿ ಒಕ್ಲಹೋಮಾ ಜನ ಮತ ಹಾಕಿ ರಾಜ್ಯ ಸಂವಿಧಾನಕ್ಕೆ ಒಂದು ನಿಯಮ ಸೇರಿಸಿದರು. ಸ್ಟೇಟ್ ಕ್ವೆಶ್ಚನ್ 640 ಅಂತ ಅದರ ಹೆಸರು. ಆದಾಯ ಜಾಸ್ತಿ ಮಾಡುವ ಯಾವ ಮಸೂದೆಯಾದರೂ ಎರಡೂ ಸದನದಲ್ಲಿ ಮುಕ್ಕಾಲು ಭಾಗ ಒಪ್ಪಬೇಕು, ಇಲ್ಲವಾದರೆ ಜನರ ಮುಂದೆ ಹೋಗಬೇಕು. ಕೆಳಮನೆಯಲ್ಲಿ 101 ಜನ, ಬೇಕಾದದ್ದು 76. ಸೆನೆಟ್‌ನಲ್ಲಿ 48 ಜನ, ಬೇಕಾದದ್ದು 36. ಸಾಮಾನ್ಯ ಜನಕ್ಕೆ ಭದ್ರತೆ ಅಂತಲೇ ತಂದದ್ದು. 2018ರವರೆಗೆ ಒಂದೇ ಒಂದು ತೆರಿಗೆ ಏರಿಕೆಯೂ ಆ ಗೆರೆ ದಾಟಲಿಲ್ಲ. ಆದರೆ ತೆರಿಗೆ ಇಳಿಸೋಕೆ ಮಾತ್ರ ಅರ್ಧಕ್ಕಿಂತ ಒಂದು ಮತ ಜಾಸ್ತಿ ಇದ್ದರೆ ಸಾಕು. ಇಳಿಸುವುದು ಸುಲಭ, ವಾಪಸ್ ಏರಿಸುವುದು ಆಗದ ಮಾತು. ಕಚ್ಚಾ ತೈಲದ ಬೆಲೆ ಬಿದ್ದಾಗ ಖಜಾನೆ ಖಾಲಿ ಆಯಿತು.

ಪೆಟ್ಟು ಬಿದ್ದದ್ದು ಶಾಲೆಗಳಿಗೆ. ಹಲವು ಊರುಗಳಲ್ಲಿ ವಾರಕ್ಕೆ ನಾಲ್ಕೇ ದಿನ ಶಾಲೆ. ಮೇಷ್ಟ್ರುಗಳು ಪಕ್ಕದ ಟೆಕ್ಸಾಸ್‌ಗೆ ಹೊರಟುಹೋಗುತ್ತಿದ್ದರು. ಮಗಳ ತರಗತಿಯಲ್ಲಿ ಸಮಾಜ ವಿಜ್ಞಾನದ ಪುಸ್ತಕದ ಬೆನ್ನು ಕಿತ್ತುಹೋಗಿ ಬೂದು ಬಣ್ಣದ ಟೇಪ್ ಸುತ್ತಿದ್ದರು, ಒಳಗೆ ಹಾಳೆಗಳು ಬಿಡಿಬಿಡಿ. ಶ್ರೀಮಂತ ದೇಶ ಅಲ್ವಾ ಅಂತ ಅನ್ನಿಸುತ್ತಿತ್ತು.

2016ರ ನವೆಂಬರ್‌ನಲ್ಲಿ ಜನರನ್ನೇ ಕೇಳಿದರು. ಶಿಕ್ಷಣಕ್ಕೆ ಅಂತ ಮಾರಾಟ ತೆರಿಗೆ 1 ಪರ್ಸೆಂಟ್ ಏರಿಸೋಣವಾ? ಜನ ಬೇಡ ಅಂದರು. ಅವರನ್ನು ಬೈಯೋಕೂ ಬರಲ್ಲ. ಅಲ್ಲಿ ದಿನಸಿಗೂ ಆಗ ಮಾರಾಟ ತೆರಿಗೆ ಇತ್ತು, ಬಡವರಿಗೆ ಅದೇ ಭಾರ. 2017ರ ನವೆಂಬರ್‌ನಲ್ಲಿ ಬೇರೆ ತೆರಿಗೆಗಳ ಮಸೂದೆ ಕೆಳಮನೆಗೆ ಬಂತು. 71 ಪರ, 27 ವಿರೋಧ. ನಮ್ಮ ಲೆಕ್ಕದಲ್ಲಿ ಭರ್ಜರಿ ಗೆಲುವು. ಅಲ್ಲಿ ಐದು ಮತ ಕಡಿಮೆ, ಬಿದ್ದುಹೋಯಿತು. 27 ಜನ 71 ಜನರನ್ನು ನಿಲ್ಲಿಸಿಬಿಟ್ಟರು.

2018ರ ಮಾರ್ಚ್‌ನಲ್ಲಿ ಮೇಷ್ಟ್ರುಗಳು ಶಾಲೆ ಬಿಟ್ಟು ಹೊರಗೆ ಬರುತ್ತೇವೆ ಅಂತ ದಿನ ಗೊತ್ತು ಮಾಡಿದ ಮೇಲೆ ಕೆಳಮನೆಯಲ್ಲಿ 79 ಬಂತು. ಸೆನೆಟ್‌ನಲ್ಲಿ ಬೇಕಾದದ್ದು 36, ಬಿದ್ದದ್ದೂ ಸರಿಯಾಗಿ 36. ಸಿಗರೇಟು, ಪೆಟ್ರೋಲ್, ಡೀಸೆಲ್, ತೈಲ ಬಾವಿಗಳ ಮೇಲೆ ತೆರಿಗೆ ಏರಿತು, ಮೇಷ್ಟ್ರುಗಳ ಸಂಬಳ ಸರಾಸರಿ ವರ್ಷಕ್ಕೆ 6,100 ಡಾಲರಿನಷ್ಟು ಜಾಸ್ತಿ ಆಯಿತು. ಆದರೂ ಏಪ್ರಿಲ್‌ನಲ್ಲಿ ಮೇಷ್ಟ್ರುಗಳು ಬೀದಿಗೆ ಬಂದೇ ಬಂದರು. ವರ್ಷಗಳ ಸಿಟ್ಟು ಅದು.

ಚಳ್ಳಕೆರೆ ಅಣ್ಣಾ, ನಿಮ್ಮ ಸಂಕಟ ನನಗೆ ಅರ್ಥ ಆಗುತ್ತದೆ. ಆದರೆ 150 ಶಾಸಕರು ಎದ್ದು ನಿಲ್ಲಬೇಕು ಅಂದರೆ, 75 ಜನ ಕೂತುಬಿಟ್ಟರೆ ಸಾಕು, ಏನೂ ಆಗಲ್ಲ. ಆ 75 ಜನ ನಿಮ್ಮ ಪರವೇ ಕೂತಿರುತ್ತಾರೆ ಅಂತ ಏನು ಗ್ಯಾರಂಟಿ? ನಾಳೆ ಗುಟ್ಕಾ ಥರದ್ದಕ್ಕೆ ತೆರಿಗೆ ಹಾಕಬೇಕಾದಾಗಲೂ ಅವರೇ ಕೂತಿರುತ್ತಾರೆ.

ಆರು ಚಕ್ರ, ಚಳ್ಳಕೆರೆ

ಒಪ್ಪುತ್ತೇನೆ ತಮ್ಮಾ, ಮುಕ್ಕಾಲು ಜಾಸ್ತಿ ಆಯಿತು. ಆದರೆ ಸೊನ್ನೆ ಮತಕ್ಕೂ ಮುಕ್ಕಾಲಿಗೂ ನಡುವೆ ಏನೂ ಇಲ್ವಾ? ಅರ್ಧಕ್ಕಿಂತ ಒಂದು ಜಾಸ್ತಿ ಸಾಕು ಅನ್ನಿ, ಆದರೆ ಸದನದಲ್ಲಿ ಮತ ಅಂತ ಆಗಲಿ. ಏರಿಸುವ ಮೊದಲು ಒಂದು ದಿನ ಚರ್ಚೆ ಆಗಲಿ.

ಲೆಕ್ಕದ ಮೇಷ್ಟ್ರು, ಚಿತ್ರದುರ್ಗ

ಅಣ್ಣಾರೆ ಕೇಳಿದ್ದೇ ಮುಖ್ಯ. ಕಾನೂನಿನಲ್ಲಿ ಏನು ಸಾಧ್ಯ ಅಂತ ಹೇಳಿಬಿಡುತ್ತೇನೆ.

ವಿಧಾನಸಭೆ ತಾನೇ ಒಂದು ಕಾಯ್ದೆ ಮಾಡಿಕೊಂಡು ‘ತೆರಿಗೆಗೆ ಮೂರನೇ ಎರಡರಷ್ಟು ಬೇಕು’ ಅಂದರೆ ನಿಲ್ಲುವುದಿಲ್ಲ. ಸಂವಿಧಾನದ 189ನೇ ವಿಧಿ ಹೇಳುವುದು ಹಾಜರಿದ್ದು ಮತ ಹಾಕಿದವರ ಬಹುಮತ ಅಂತ. ಬೇರೆ ಅಳತೆ ಬೇಕಾದರೆ ಅದು ಸಂವಿಧಾನದಲ್ಲೇ ಇರಬೇಕು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಇದೇ ತಕರಾರು ಬಂದಿತ್ತು. ಶಾಸನಸಭೆ ತೆರಿಗೆ ಏರಿಸೋಕೆ ಮೂರನೇ ಎರಡರಷ್ಟು ಬೇಕು ಅಂತ ಜನ 1993ರಿಂದ ಮತ್ತೆ ಮತ್ತೆ ಮತ ಹಾಕಿದರು. 2012ರಲ್ಲೂ ಒಪ್ಪಿದರು. 2013ರ ಫೆಬ್ರವರಿಯಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಆರು-ಮೂರರ ತೀರ್ಪಿನಲ್ಲಿ ಅದನ್ನು ಹೊಡೆದುಹಾಕಿತು. ರಾಜ್ಯ ಸಂವಿಧಾನ ಸರಳ ಬಹುಮತ ಅಂದಿದೆ, ಅದನ್ನು ಬರೀ ಕಾಯ್ದೆಯಿಂದ ಬದಲಿಸೋಕೆ ಬರಲ್ಲ ಅಂತ. ಜನರೇ ಮತ ಹಾಕಿದ್ದರೂ ಅಷ್ಟೇ.

ಜನರನ್ನು ನೇರ ಕೇಳುವ ಮತಪತ್ರಕ್ಕೆ ನಮ್ಮ ಸಂವಿಧಾನದಲ್ಲಿ ಜಾಗ ಇಲ್ಲ. ಅಕ್ಕನ ತಮ್ಮನಿಗೆ ಬಂದ ಪುಸ್ತಕ ದಾವಣಗೆರೆಗೆ ಬರೋದು ಸದ್ಯಕ್ಕೆ ಇಲ್ಲ.

ಆದರೆ ಡೀಸೆಲ್ ವಿಷಯ ಬೇರೆ. ಅದರ ಮಾರಾಟ ತೆರಿಗೆ ಪೂರ್ತಿ ರಾಜ್ಯದ ಕೈಯಲ್ಲಿ ಇರೋದು. ಅಧಿಸೂಚನೆ ಹೊರಡಿಸುವ ಮೊದಲು ಸದನದ ಒಪ್ಪಿಗೆ ತಗೋಬೇಕು ಅಂತ ಕಾಯ್ದೆಗೆ ಒಂದು ತಿದ್ದುಪಡಿ ತಂದರೆ ಸರಳ ಬಹುಮತದಲ್ಲೇ ಆಗುವ ಕೆಲಸ. ಸಂವಿಧಾನ ಮುಟ್ಟಬೇಕಿಲ್ಲ.

ಜಿಎಸ್‌ಟಿಯಲ್ಲೂ ದಾರಿ ಪೂರ್ತಿ ಮುಚ್ಚಿಲ್ಲ. 2022ರ ಮೇ 19ರಂದು ಮೋಹಿತ್ ಮಿನರಲ್ಸ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದೆ: ಮಂಡಳಿಯ ಶಿಫಾರಸು ಸಂಸತ್ತನ್ನೋ ವಿಧಾನಸಭೆಯನ್ನೋ ಕಟ್ಟಿಹಾಕುವುದಿಲ್ಲ, ಅದಕ್ಕೆ ಗೌರವ ಕೊಡಬೇಕು ಅಷ್ಟೇ. 246ಎ ವಿಧಿಯಲ್ಲಿ ಇಬ್ಬರಿಗೂ ಜಿಎಸ್‌ಟಿ ಬಗ್ಗೆ ಕಾನೂನು ಮಾಡುವ ಅಧಿಕಾರ ಇದೆ. ಈ ತೀರ್ಪು ಬಂದು ಆರು ವಾರಕ್ಕೆ ಚಂಡೀಗಡದ ಸಭೆ. ನಮ್ಮ ಸದನದಲ್ಲಿ ಮಂಡಕ್ಕಿ ಬಗ್ಗೆ ಕೇಳುವ ಹಕ್ಕು ಶಾಸಕರಿಗೆ ಆಗಲೂ ಇತ್ತು, ಈಗಲೂ ಇದೆ.

ಗಡಿಯಾರ ಕಂಬ, ದಾವಣಗೆರೆ

ನಾನು ರೆಡಿಮೇಡ್ ಬಟ್ಟೆ ಅಂಗಡಿಯವನು. ಒಂದು ಮಾತು ಸೇರಿಸುತ್ತೇನೆ. ಇದೇ ಮಂಡಳಿ 2025ರ ಸೆಪ್ಟೆಂಬರ್ 3ರ 56ನೇ ಸಭೆಯಲ್ಲಿ ಇಳಿಸಿತು ಕೂಡ. ಬೆಣ್ಣೆ, ತುಪ್ಪ 12ರಿಂದ 5ಕ್ಕೆ. ರೆಡಿಮೇಡ್ ಬಟ್ಟೆಗೆ 5 ಪರ್ಸೆಂಟ್ ಮಿತಿ ಸಾವಿರ ರೂಪಾಯಿ ಇದ್ದದ್ದು 2,500ಕ್ಕೆ ಏರಿತು. ಸೆಪ್ಟೆಂಬರ್ 22ರಿಂದ ಜಾರಿ, ದಸರಾ ವ್ಯಾಪಾರಕ್ಕೆ ಸರಿಯಾಗಿ ಬಂತು. ಅದು ಆಗಿದ್ದೂ ಸರ್ವಸಮ್ಮತಿಯಿಂದ. ನಮ್ಮ ರಾಜ್ಯ ಆದಾಯ ಕಡಿಮೆ ಆಗುತ್ತದೆ, ಪರಿಹಾರ ಕೊಡಿ ಅಂತ ಕೇಳಿತ್ತು. ಮುಕ್ಕಾಲು ಭಾಗ ಬೇಕು ಅನ್ನೋ ನಿಯಮ ಇರೋದರಿಂದಲೇ ಎಲ್ಲರನ್ನೂ ಕೂರಿಸಿ ಮಾತಾಡಬೇಕಾಗುತ್ತದೆ. ಹಾಗಾಗಿ ಮಂಡಳಿಯನ್ನು ಪೂರ್ತಿ ತೆಗಳಬೇಡಿ. ಆದರೆ 2,500 ದಾಟಿದ ರೆಡಿಮೇಡ್ ಬಟ್ಟೆಗೆ 18 ಮಾಡಿದ್ದು ಮದುವೆ ಸೀಸನ್‌ನಲ್ಲಿ ನಮಗೆ ಹೊಡೆತವೇ. 2,499ರ ಡ್ರೆಸ್‌ಗೂ 2,600ರ ಡ್ರೆಸ್‌ಗೂ ಬಿಲ್‌ನಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ ಅಂತ ಗಿರಾಕಿಗೆ ವಿವರಿಸೋದರಲ್ಲಿ ಸಾಕಾಗುತ್ತದೆ.

ಮಂಡಕ್ಕಿ ಅಕ್ಕ, ದಾವಣಗೆರೆ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಎಲ್ಲಾ ಉತ್ತರ ಯಜಮಾನರಿಗೆ ಓದಿ ಹೇಳಿದೆ. ಹಿರಿಯೂರು ತಮ್ಮ ಬರೆದದ್ದು ಓದಿದ ಮೇಲೆ ಮೂರನೇ ಎರಡು, ಮುಕ್ಕಾಲು ಅಂತ ಗೆರೆ ಎತ್ತರ ಮಾಡೋದೇ ಪರಿಹಾರ ಅಂತ ನಾನು ಹೇಳಲ್ಲ. ಶಾಲೆ ನಾಲ್ಕು ದಿನಕ್ಕೆ ಇಳಿಯೋದು ಯಾರಿಗೂ ಬೇಡ.

ಆದರೆ ‘ಸರ್ವಸಮ್ಮತಿ’ ಅನ್ನೋದು ನನಗೆ ಸಮಾಧಾನ ಕೊಡಲಿಲ್ಲ. ಮತ ಬಿದ್ದಿದ್ದರೆ ನಮ್ಮ ಮಂತ್ರಿ ಯಾವ ಕಡೆ ಅಂತ ಗೊತ್ತಾಗುತ್ತಿತ್ತು. ಲಾಟರಿಗೆ 21-7 ಅಂತ ಇವತ್ತಿಗೂ ಹೇಳಬಹುದು. ಮಂಡಕ್ಕಿಗೆ ಯಾರೂ ಬೇಡ ಅನ್ನಲಿಲ್ಲ ಅಂದರೆ ಕರ್ನಾಟಕವೂ ಅನ್ನಲಿಲ್ಲ. ದಾವಣಗೆರೆ, ಚಿತ್ರದುರ್ಗ, ಇಡೀ ಮಧ್ಯ ಕರ್ನಾಟಕ ಸಂಜೆ ಆದರೆ ಮಂಡಕ್ಕಿ ಮಿರ್ಚಿ ತಿನ್ನೋ ಸೀಮೆ. ಇಲ್ಲಿಂದ ಒಂದು ಮಾತು ಆ ಸಭೆಗೆ ಹೋಗಲಿಲ್ಲ. 25 ಕೆ.ಜಿ. ಮಿತಿ ಮಂಡಕ್ಕಿಗೆ ಅನ್ವಯವೇ ಆಗಲ್ಲ ಅಂತ ಹೇಳೋಕೆ ಎರಡು ನಿಮಿಷ ಸಾಕಿತ್ತು. ಹೇಳುವವರಿಗೆ ಗೊತ್ತಿರಬೇಕಿತ್ತು, ಅದಕ್ಕೆ ಮೊದಲು ನಮ್ಮನ್ನು ಕೇಳಬೇಕಿತ್ತು.

ನನಗೆ ಬೇಕಾದದ್ದು ಇಷ್ಟು. ಮಂಡಳಿ ಸಭೆಗೆ ಹೋಗುವ ಮೊದಲು ನಮ್ಮ ರಾಜ್ಯದ ಮಂತ್ರಿ ಕಾರ್ಯಸೂಚಿಯಲ್ಲಿ ಏನಿದೆ, ರಾಜ್ಯದ ನಿಲುವು ಏನು ಅಂತ ಕನ್ನಡದಲ್ಲಿ ಪ್ರಕಟಿಸಲಿ. ವ್ಯಾಪಾರಸ್ಥರು, ಗಿರಾಕಿಗಳು ಬರೆದು ಕಳಿಸೋಕೆ ಒಂದು ವಾರ ಕೊಡಲಿ. ವಾಪಸ್ ಬಂದ ಮೇಲೆ ಏನು ಹೇಳಿದೆ, ಯಾವುದಕ್ಕೆ ಒಪ್ಪಿದೆ ಅಂತ ಸದನದಲ್ಲಿ ಓದಲಿ. ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ ಅಲ್ವಾ ಮೇಷ್ಟ್ರೇ? ನಮ್ಮ ಶಾಸಕರಿಗೆ ಬರೆಯುತ್ತೇನೆ. ಪ್ಯಾಕಿಂಗ್ ಮಾಡುವ ಇನ್ನೂ ಕೆಲವು ಮನೆಯವರು ಸಹಿ ಹಾಕುತ್ತೇವೆ ಅಂದಿದ್ದಾರೆ. ಚಳ್ಳಕೆರೆ ಅಣ್ಣಾರೆ, ಡೀಸೆಲ್ ವಿಷಯವನ್ನೂ ಅದರಲ್ಲೇ ಸೇರಿಸಲಾ?

ಆರು ಚಕ್ರ, ಚಳ್ಳಕೆರೆ

ಬೇರೆ ಪತ್ರ ಇರಲಿ ಅಕ್ಕಾರೆ. ಒಂದರಲ್ಲೇ ಎರಡು ಹಾಕಿದರೆ ಒಂದಕ್ಕೆ ಉತ್ತರ ಕೊಟ್ಟು ಇನ್ನೊಂದು ಬಿಟ್ಟುಬಿಡುತ್ತಾರೆ. ಡೀಸೆಲ್‌ದು ನಾವು ಲಾರಿಯವರು ಬರೆಯುತ್ತೇವೆ. ಮೇಷ್ಟ್ರು ಹೇಳಿದ ತಿದ್ದುಪಡಿ ಮಾತನ್ನೇ ಹಾಕುತ್ತೇವೆ.

ಲೆಕ್ಕದ ಮೇಷ್ಟ್ರು, ಚಿತ್ರದುರ್ಗ

ಬೇಕಿಲ್ಲ ಅಕ್ಕಾರೆ. ಮಂತ್ರಿ ಮನಸ್ಸು ಮಾಡಿದರೆ ಸಾಕು, ಶಾಸಕರು ಕೇಳಿದರೆ ಮಾಡಲೇಬೇಕಾಗುತ್ತದೆ. ಪತ್ರದಲ್ಲಿ 47ನೇ ಸಭೆ, ದಿನಾಂಕ, ಮಂಡಕ್ಕಿಯ ಎಚ್‌ಎಸ್‌ಎನ್ (ತೆರಿಗೆ ಪಟ್ಟಿಯಲ್ಲಿ ಸರಕಿನ ಸಂಖ್ಯೆ) 1904 ಅಂತ ಬರೆಯಿರಿ. ಬರೀ ಮಂಡಕ್ಕಿ ಅಂದರೆ ಕಡತ ಎಲ್ಲಿಗೂ ಹೋಗಲ್ಲ. ಹಳೆಯ ಸಭೆಗಳ ನಡಾವಳಿ ಮಂಡಳಿಯ ವೆಬ್‌ಸೈಟ್‌ನಲ್ಲಿ ಇಂಗ್ಲಿಷಿನಲ್ಲಿ ಇವೆ. ಕರ್ನಾಟಕದ ಪ್ರತಿನಿಧಿ ಮಾತಾಡಿದ ಕಡೆ ‘ಕರ್ನಾಟಕದ ಗೌರವಾನ್ವಿತ ಸದಸ್ಯರು’ ಅಂತ ಗುರುತು ಇರುತ್ತದೆ, ಹುಡುಕೋದು ಕಷ್ಟ ಅಲ್ಲ. ಮಂಡಕ್ಕಿ ಬಗ್ಗೆ ಅವರು ಒಂದು ಸಾಲು ಮಾತಾಡಿದ್ದರೆ ಅದನ್ನು, ಮಾತಾಡಿರದಿದ್ದರೆ ಆ ಪುಟವನ್ನೇ ಪತ್ರಕ್ಕೆ ಲಗತ್ತಿಸಿ. ಮತ್ತೆ ಒಂದು ಕೆಲಸ ಮಾಡಿ: ನಿಮ್ಮ ಅತಿ ದೊಡ್ಡ ಚೀಲ ತುಂಬಿ, ವೇಬ್ರಿಡ್ಜ್ ಬೇಡ, ಸೊಸೈಟಿಯ ತಕ್ಕಡಿ ಮೇಲೆ ಇಟ್ಟು ತೂಕ ಕಾಣೋ ಹಾಗೆ ಒಂದು ಫೋಟೋ ತೆಗೆದು ಅದನ್ನೂ ಜೊತೆಗೆ ಹಚ್ಚಿ.